ಇಂಗ್ಲಿಷ್ ಬಾರದವರೆಂದರೆ ಮುಸ್ಲಿಂ ಹೆಂಗಸರೇ ಎಂಬ ಭಾವನೆ ಬ್ರಿಟನ್ನಿನಲ್ಲಿ ಹೇಗೆ ಬೇರೂರಿತು?

ಪ್ರಶ್ನೆ: ತುಂಗಾತೀರ, ಲೆಸ್ಟರ್

ಮಾನ್ಯರೇ,

ಶಿವಮೊಗ್ಗದಿಂದ ಬಂದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿರುವ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಒಂದು ವಿಷಯವನ್ನು ತಮ್ಮೆಲ್ಲರ ಮುಂದಿಡುತ್ತಿದ್ದೇನೆ. ಕಚೇರಿಯಲ್ಲಿ, ನೆರೆಹೊರೆಯಲ್ಲಿ, ನಮ್ಮದೇ ಕನ್ನಡ ಬಳಗದ ಹಬ್ಬದೂಟದಲ್ಲಿಯೂ ಒಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ಇಲ್ಲಿನ ಮುಸ್ಲಿಂ ಹೆಂಗಸರು ಎಷ್ಟು ವರ್ಷ ಕಳೆದರೂ ಇಂಗ್ಲಿಷ್ ಕಲಿಯುವುದಿಲ್ಲ, ಕಲಿಯಲು ಅವರಿಗೆ ಮನಸ್ಸಿಲ್ಲ, ಮನೆಯ ಗಂಡಸರು ಬಿಡುವುದೂ ಇಲ್ಲ. ಹಗೆಯಿಂದ ಹೀಗೆ ಹೇಳುವವರು ಕೆಲವರೇ. ಹೆಚ್ಚಿನವರು ಇದು ಎಲ್ಲರಿಗೂ ತಿಳಿದ ವಿಷಯವೆಂಬಂತೆ ಹೇಳಿ ಬೇರೆ ಮಾತಿಗೆ ಹೊರಳುತ್ತಾರೆ. ನನಗೆ ಹೆಚ್ಚು ಸಂಕಟವಾಗುವುದು ಆಗಲೇ.

2016ರ ಜನವರಿಯಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರು, ದೇಶದ ಮುಸ್ಲಿಂ ಮಹಿಳೆಯರಲ್ಲಿ ಶೇಕಡಾ 22ರಷ್ಟು, ಅಂದರೆ ಸುಮಾರು 1,90,000 ಮಂದಿಗೆ ಇಂಗ್ಲಿಷ್ ಅಷ್ಟಿಷ್ಟು ಮಾತ್ರ ಬರುತ್ತದೆ ಅಥವಾ ಬರುವುದೇ ಇಲ್ಲ ಎಂದು ಹೇಳಿ, ಅವರಿಗೆ ಕಲಿಸಲು 2 ಕೋಟಿ ಪೌಂಡ್‌ಗಳ ಯೋಜನೆಯನ್ನು ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಕೆಲಸವೆಂದು ಎಲ್ಲರೂ ಒಪ್ಪುತ್ತಿದ್ದರು. ಆದರೆ ಭಾಷೆ ಬಾರದವರು ತೀವ್ರವಾದಿಗಳ ಮಾತಿಗೆ ಸುಲಭವಾಗಿ ಬಲಿಯಾಗಬಹುದೆಂದೂ, ಸಂಗಾತಿಯ ವೀಸಾದ ಮೇಲೆ ಬಂದವರು ಎರಡೂವರೆ ವರ್ಷಗಳಲ್ಲಿ ಭಾಷೆಯಲ್ಲಿ ಮುಂದುವರಿಯದಿದ್ದರೆ ಇಲ್ಲಿ ಉಳಿಯಲು ಅವಕಾಶ ತಪ್ಪಬಹುದೆಂದೂ ಅವರು ಜೊತೆಯಲ್ಲೇ ಹೇಳಿದರು. ಭಾಷೆ ಬಾರದಿರುವುದೇ ತೀವ್ರವಾದಕ್ಕೆ ಕಾರಣವೆಂದು ತಾವು ಹೇಳುತ್ತಿಲ್ಲ ಎಂಬ ಅವರ ಸ್ಪಷ್ಟನೆ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ.

ಆ ಅಂಕಿ ಬಂದದ್ದು 2011ರ ಜನಗಣತಿಯಿಂದ. ಅದೇ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷನ್ನು ಚೆನ್ನಾಗಿ ಮಾತನಾಡಲಾರದವರು ಸುಮಾರು 7,26,000, ಒಂದಿಷ್ಟೂ ಮಾತನಾಡಲಾರದವರು ಸುಮಾರು 1,38,000. ಎರಡನ್ನೂ ಕೂಡಿಸಿ ನೋಡಿದರೆ ಮುಸ್ಲಿಂ ಮಹಿಳೆಯರ ಪಾಲು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದವರ ವಿಷಯ ಏಕೆ ಚರ್ಚೆಗೆ ಬರುವುದಿಲ್ಲ?

ನಮ್ಮ ಊರಿನ ಉದಾಹರಣೆಯನ್ನೇ ನೋಡಿ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಗುಜರಾತಿ ಕುಟುಂಬಗಳು ಸಾವಿರಗಟ್ಟಲೆಯಾಗಿ ಲೆಸ್ಟರಿಗೆ ಬಂದವು. ಬರಬೇಡಿ ಎಂದು ಇಲ್ಲಿನ ಕೌನ್ಸಿಲ್ ಉಗಾಂಡಾದ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟಿದ್ದರೂ ಬಂದವು. ಆ ಮನೆಗಳ ಹಿರಿಯ ಹೆಂಗಸರಲ್ಲಿ ಇಂದಿಗೂ ಇಂಗ್ಲಿಷ್ ಸರಾಗವಾಗಿ ಬಾರದವರಿದ್ದಾರೆ. ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿಯಲ್ಲೇ ವ್ಯಾಪಾರ ಮುಗಿಸಿ, ಗುಜರಾತಿಯಲ್ಲೇ ಭಜನೆ ಮಾಡಿ ದಿನ ಕಳೆಯುವ ಆ ಅಜ್ಜಿಯರನ್ನು ನೋಡಿ ಯಾರೂ ದೇಶನಿಷ್ಠೆಯ ಪ್ರಶ್ನೆ ಎತ್ತುವುದಿಲ್ಲ, ಎತ್ತಬಾರದು ಕೂಡ. ನಮ್ಮ ತಾಯಂದಿರು ಇಲ್ಲಿಗೆ ಬಂದಾಗ ಅವರ ಕನ್ನಡವನ್ನು ಯಾರೂ ಅಪರಾಧವೆಂದು ಕಾಣುವುದಿಲ್ಲ. ಹಾಗಿದ್ದರೆ ತಲೆಯ ಮೇಲೆ ವಸ್ತ್ರ ಹೊದ್ದ ಹೆಂಗಸಿನ ವಿಷಯದಲ್ಲಿ ಮಾತ್ರ ಭಾಷೆಯ ಕೊರತೆ ಸಂಶಯಕ್ಕೆ ಕಾರಣವಾದದ್ದು ಹೇಗೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ಮೇಷ್ಟ್ರು, ಬ್ರಾಡ್‌ಫರ್ಡ್

ತುಂಗಾತೀರದವರಿಗೆ ನಮಸ್ಕಾರ. ವಲಸಿಗರಿಗೆ ಇಂಗ್ಲಿಷ್ ಕಲಿಸುವ, ಇಲ್ಲಿ ಎಲ್ಲರೂ ಈಸಾಲ್ ಎಂದು ಕರೆಯುವ ತರಗತಿಗಳಲ್ಲಿ ನಾನು ಅನೇಕ ವರ್ಷ ಪಾಠ ಮಾಡಿದ್ದೇನೆ. ತಾವು ಕೇಳಿದ ಪ್ರಶ್ನೆ 2016ಕ್ಕಿಂತ ಹಳೆಯದು.

2001ರ ಬೇಸಿಗೆಯಲ್ಲಿ ಓಲ್ಡಂ, ಬರ್ನ್‌ಲಿ ಮತ್ತು ನಮ್ಮ ಬ್ರಾಡ್‌ಫರ್ಡ್‌ನಲ್ಲಿ ಗಲಭೆಗಳಾದವು. ಬೀದಿಗಿಳಿದ ಏಷ್ಯನ್ ಯುವಕರಲ್ಲಿ ಬಹುಪಾಲು ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಗಳಲ್ಲಿ ಓದಿ, ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್‌ನ ದನಿಯಲ್ಲೇ ಇಂಗ್ಲಿಷ್ ಮಾತನಾಡುವವರು. ಗಲಭೆಗಳ ಬಗ್ಗೆ ಸರ್ಕಾರ ಬರೆಸಿ, ಆ ವರ್ಷದ ಡಿಸೆಂಬರಿನಲ್ಲಿ ಬಂದ ಟೆಡ್ ಕ್ಯಾಂಟಲ್ ವರದಿಯು, ಬಿಳಿಯರೂ ಏಷ್ಯನ್ನರೂ ಒಂದೇ ಪಟ್ಟಣದಲ್ಲಿದ್ದು ಒಬ್ಬರನ್ನೊಬ್ಬರು ಮುಟ್ಟದೆ ಬದುಕುತ್ತಿದ್ದಾರೆ ಎಂದು ಹೇಳಿತು. ಅದಕ್ಕೆ ವಸತಿ, ಶಾಲೆ, ಮುಚ್ಚಿಹೋದ ಜವಳಿ ಗಿರಣಿಗಳು, ನಿರುದ್ಯೋಗ ಎಲ್ಲವೂ ಕಾರಣ. ಆದರೆ ರಾಜಕಾರಣಿಗಳ ಮಾತು ಬಹುಬೇಗ ಮನೆಯೊಳಗಿನ ಭಾಷೆಯತ್ತ ತಿರುಗಿತು. ಆಗಿನ ಗೃಹ ಸಚಿವ ಡೇವಿಡ್ ಬ್ಲಂಕೆಟ್ ಅವರು 2002ರಲ್ಲಿ, ಏಷ್ಯನ್ ಮೂಲದ ಮನೆಗಳಲ್ಲಿ ಶೇಕಡಾ 30ರಷ್ಟು ಕಡೆ ಇಂಗ್ಲಿಷ್ ಮಾತನಾಡುವುದಿಲ್ಲವೆಂದು ಬರೆದು, ಮನೆಯಲ್ಲಿ ಇಂಗ್ಲಿಷ್ ಆಡಿದರೆ ತಲೆಮಾರುಗಳ ನಡುವಿನ ಬಿರುಕು ಕಡಿಮೆಯಾಗುತ್ತದೆ ಎಂದರು. ಗಂಡುಹುಡುಗರು ಬೀದಿಯಲ್ಲಿ ಮಾಡಿದ್ದಕ್ಕೆ ಅಡುಗೆಮನೆಯಲ್ಲಿದ್ದ ತಾಯಿಯ ಭಾಷೆ ಉತ್ತರ ಹೇಳಬೇಕಾದ ರೂಢಿ ಅಲ್ಲಿಂದ ಗಟ್ಟಿಯಾಯಿತು ಎಂಬುದು ನನ್ನ ಅಭಿಪ್ರಾಯ. 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಿಸಿದ ನಾಲ್ವರಲ್ಲಿ ಮೂವರು ಬ್ರಿಟನ್ನಿನಲ್ಲೇ ಹುಟ್ಟಿದವರು, ನಾಲ್ಕನೆಯವನು ಚಿಕ್ಕಂದಿನಿಂದ ಇಲ್ಲಿಯೇ ಬೆಳೆದವನು. ಅವರಲ್ಲಿ ಯಾರಿಗೂ ಇಂಗ್ಲಿಷ್ ಬಾರದೆ ಇರಲಿಲ್ಲ. ಹೀಗಿದ್ದೂ ಭಾಷೆಗೂ ತೀವ್ರವಾದಕ್ಕೂ ನಂಟಿದೆಯೆಂಬ ಮಾತು ನಿಲ್ಲಲಿಲ್ಲ.

ಮನಸ್ಸಿಲ್ಲ ಎಂಬ ಆರೋಪದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ರಾಡ್‌ಫರ್ಡ್‌ನ ಪಾಕಿಸ್ತಾನಿ ಕುಟುಂಬಗಳಲ್ಲಿ ಬಹಳಷ್ಟು ಮೀರ್‌ಪುರದ ಕಡೆಯವು. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಸುಮಾರು ಒಂದು ಲಕ್ಷ ಜನ ಅಲ್ಲಿ ನೆಲೆ ಕಳೆದುಕೊಂಡರು. ಶರಾವತಿ ಮುಳುಗಡೆಯ ನೆನಪಿರುವ ಜಿಲ್ಲೆಯವರಾದ ತಮಗೆ ಅದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರಲ್ಲಿ ಅನೇಕ ಗಂಡಸರು ಇಲ್ಲಿನ ಉಣ್ಣೆಯ ಗಿರಣಿಗಳಿಗೆ ಬಂದು, ತಮ್ಮ ಊರವರ ಜೊತೆಗೇ ರಾತ್ರಿ ಪಾಳಿಯಲ್ಲಿ ದುಡಿದರು. ಆಮೇಲೆ ಬಂದ ಹೆಂಗಸರಲ್ಲಿ ಅನೇಕರು ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕುಳಿತು, ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ ಪಡೆದರು. ಇಂಗ್ಲಿಷ್ ಕಿವಿಗೆ ಬೀಳಬಹುದಾಗಿದ್ದ ಜಾಗಗಳೇ ಅವರ ಬದುಕಿನಲ್ಲಿರಲಿಲ್ಲ.

ಅವರಲ್ಲಿ ಎಷ್ಟೋ ಮಂದಿ ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ಆಡುವುದು ಪಹಾಡಿ, ಆ ದೇಶದಲ್ಲಿ ಬರೆಯುವುದು ಉರ್ದು, ಇಲ್ಲಿ ಕಲಿಯಬೇಕಾದದ್ದು ಇಂಗ್ಲಿಷ್. ಪೆನ್ಸಿಲ್ ಹಿಡಿಯುವುದನ್ನೇ ಐವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಕಲಿಯುವವರಿಗೂ, ಪದವಿ ಪಡೆದು ಬಂದ ವಾರ್ಸಾದ ಯುವತಿಗೂ ಒಂದೇ ಪಠ್ಯಪುಸ್ತಕ ಕೊಟ್ಟು, ಹಿಂದೆ ಬಿದ್ದವರನ್ನು ಸೋಮಾರಿಗಳೆನ್ನುವುದು ನ್ಯಾಯವಲ್ಲ. ನನ್ನ ತರಗತಿಗೆ ಬರುತ್ತಿದ್ದ ಹೆಂಗಸರು ಮಳೆ, ಹಿಮ ಯಾವುದನ್ನೂ ಲೆಕ್ಕಿಸದೆ ಬರುತ್ತಿದ್ದರು. ನಿಂತುಹೋದವರು ನಿಂತದ್ದು ಕೂಸನ್ನು ನೋಡಿಕೊಳ್ಳಲು ಯಾರೂ ಇಲ್ಲದ್ದಕ್ಕೆ, ಮಕ್ಕಳ ಶಾಲೆ ಬಿಡುವ ಹೊತ್ತಿಗೇ ಪಾಠದ ವೇಳೆ ಬದಲಾದದ್ದಕ್ಕೆ, ಇಲ್ಲವೇ ಶುಲ್ಕ ಕೊಡಲಾರದ್ದಕ್ಕೆ.

ಶುಲ್ಕದ ಕಥೆ ಹೀಗಿದೆ. 2007ರವರೆಗೆ ಇಂಗ್ಲೆಂಡಿನಲ್ಲಿ ಈ ತರಗತಿಗಳು ಬಹುಮಟ್ಟಿಗೆ ಉಚಿತವಾಗಿದ್ದವು. ಆ ವರ್ಷದಿಂದ ಸರ್ಕಾರದ ಭತ್ಯೆ ಪಡೆಯುವವರನ್ನು ಬಿಟ್ಟು ಉಳಿದವರು ವೆಚ್ಚದ ಒಂದು ಪಾಲನ್ನು ಕೊಡಬೇಕಾಯಿತು. ಗಂಡನ ಸಣ್ಣ ಸಂಬಳದ ಮೇಲೆ ನಡೆಯುವ ಮನೆಯಲ್ಲಿ, ಸ್ವಂತ ಆದಾಯವಿಲ್ಲದ ಹೆಂಗಸಿಗೆ ಬಾಗಿಲು ಮುಚ್ಚಿದ್ದು ಅಲ್ಲಿ. ನಂತರ ಸರ್ಕಾರದ ಹಣವೇ ಕುಸಿಯಿತು: 2009-10ರಲ್ಲಿ ಸುಮಾರು 20 ಕೋಟಿ ಪೌಂಡ್ ಇದ್ದದ್ದು 2015-16ರ ಹೊತ್ತಿಗೆ ಸುಮಾರು 9 ಕೋಟಿಗೆ ಇಳಿಯಿತು. ಹಾಗೆ ಇಳಿದ ಮೇಲೆ ಬಂದದ್ದು ಕ್ಯಾಮರೂನ್ ಅವರ 2 ಕೋಟಿ. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಆ ದಿನ ಯಾರಿಗೂ ಸಂತೋಷವಾಗಲಿಲ್ಲ. ಹಣ ಕಡಿಮೆಯಾಯಿತೆಂಬುದಕ್ಕಿಂತ, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಕುಳಿತವರನ್ನೇ ಕಲಿಯಲೊಲ್ಲದವರೆಂದು ದೇಶದ ಮುಂದೆ ನಿಲ್ಲಿಸಿದರಲ್ಲ ಎಂಬ ನೋವು ದೊಡ್ಡದಾಗಿತ್ತು.

ಉತ್ತರ: ಕಾನೂನು ಬಲ್ಲವ, ರೆಡಿಂಗ್

ವೀಸಾ ನಿಯಮಗಳ ಬಗ್ಗೆ ಮಾತ್ರ ಎರಡು ಮಾತು ಸೇರಿಸುತ್ತೇನೆ. ಬ್ರಿಟಿಷ್ ನಾಗರಿಕರನ್ನು ಅಥವಾ ಇಲ್ಲಿ ಕಾಯಂ ನೆಲೆಸಿದವರನ್ನು ಮದುವೆಯಾಗಿ ಬರುವವರು 2010ರ ನವೆಂಬರಿನಿಂದ, ಬರುವ ಮೊದಲೇ ಎ1 ಎಂಬ ತೀರ ಆರಂಭಿಕ ಮಟ್ಟದ ಮಾತನಾಡುವ ಹಾಗೂ ಕೇಳಿ ತಿಳಿಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2017ರ ಮೇ ತಿಂಗಳಿನಿಂದ, ವೀಸಾ ಮುಂದುವರಿಸಿಕೊಳ್ಳಲು ಅದರ ಮೇಲಿನ ಎ2 ಮಟ್ಟವೂ ಬೇಕು. ಕಾಯಂ ನೆಲೆಗೆ ಅದಕ್ಕೂ ಮೇಲಿನ ಬಿ1 ಬೇಕು. ಇದು ಮೈಸೂರಿನ ಹುಡುಗಿಗೂ ಮೀರ್‌ಪುರದ ಹುಡುಗಿಗೂ ಒಂದೇ.

ಆದರೆ ನಮ್ಮಂತಹ ಸಾಫ್ಟ್‌ವೇರ್ ಉದ್ಯೋಗಿಗಳು ಕೆಲಸದ ವೀಸಾದ ಮೇಲೆ ಬಂದಾಗ, ಅವಲಂಬಿತರಾಗಿ ಜೊತೆಗೆ ಬಂದ ಹೆಂಡತಿಗೋ ಗಂಡನಿಗೋ ಪ್ರವೇಶದ ಹಂತದಲ್ಲಿ ಇಂಗ್ಲಿಷ್ ಪರೀಕ್ಷೆ ಇರಲಿಲ್ಲ. ಈ ವ್ಯತ್ಯಾಸವನ್ನು ನಮ್ಮವರಲ್ಲಿ ಬಹಳ ಮಂದಿ ಗಮನಿಸಿಲ್ಲ. ಒಬ್ಬ ಹೆಂಗಸಿನ ಇಂಗ್ಲಿಷ್ ಮುಖ್ಯವೋ ಅಲ್ಲವೋ ಎಂಬುದು ಆಕೆಯ ಗಂಡನ ಸಂಬಳ ಮತ್ತು ವೀಸಾದ ಬಗೆಯನ್ನು ಅವಲಂಬಿಸಿತ್ತು. ಕೆಲಸದ ವೀಸಾದವರ ವಯಸ್ಕ ಅವಲಂಬಿತರಿಗೂ ಎ1 ಪರೀಕ್ಷೆ ತರಬೇಕೆಂದು ಸರ್ಕಾರ ಪ್ರಸ್ತಾಪಿಸಿದ್ದು 2025ರ ಮೇ ತಿಂಗಳ ಶ್ವೇತಪತ್ರದಲ್ಲಿ. ಮದುವೆಯ ವೀಸಾದ ನಿಯಮ ಬಂದಾಗ ಹಬ್ಬದೂಟದಲ್ಲಿ ಚಪ್ಪಾಳೆ ತಟ್ಟಿದವರು ಈ ಪ್ರಸ್ತಾಪ ಬಂದಾಗ ಚಿಂತೆಗೊಳಗಾದದ್ದನ್ನು ನಾನು ಕಂಡಿದ್ದೇನೆ.

2010ರ ನಿಯಮವನ್ನು ಇಬ್ಬರು ಬ್ರಿಟಿಷ್ ಮಹಿಳೆಯರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಇಂಗ್ಲಿಷ್ ಬರಬೇಕಾಗಿದ್ದದ್ದು ಅವರ ಗಂಡಂದಿರಿಗೆ. ಒಬ್ಬರು ಪಾಕಿಸ್ತಾನದವರು, ಇನ್ನೊಬ್ಬರು ಯೆಮನ್‌ನವರು. 2015ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನು ರದ್ದುಪಡಿಸಲಿಲ್ಲ. ಆದರೆ ಪರೀಕ್ಷಾ ಕೇಂದ್ರ ದೂರವಿದ್ದು, ಕಲಿಯುವುದೂ ಪರೀಕ್ಷೆ ಬರೆಯುವುದೂ ಅತಿ ದುಬಾರಿಯಾಗುವ ಕಡೆ, ವಿನಾಯಿತಿಗಳನ್ನು ಬಿಗಿಯಾಗಿ ಅನ್ವಯಿಸುವ ರೀತಿಯಿಂದ ಕೌಟುಂಬಿಕ ಜೀವನದ ಹಕ್ಕಿಗೆ ಧಕ್ಕೆಯಾಗಬಹುದೆಂದು ಎಚ್ಚರಿಸಿತು. ಸಾರ್ವಜನಿಕ ಚರ್ಚೆಯಲ್ಲಿ ಇಂಗ್ಲಿಷ್ ಬಾರದ ಹೆಂಡತಿಯ ಚಿತ್ರವೇ ಮುಂದಿದ್ದರೂ ನ್ಯಾಯಾಲಯದ ಮುಂದಿದ್ದದ್ದು ಇಂಗ್ಲಿಷ್ ಬಾರದ ಗಂಡಂದಿರ ಪ್ರಕರಣ ಎಂಬುದನ್ನು ಗಮನಿಸಬೇಕು.

ಉತ್ತರ: ಕಾರ್ಕಳದವಳು, ಬರ್ಮಿಂಗ್‌ಹ್ಯಾಮ್

ಮೇಷ್ಟ್ರು ಹೇಳಿದ ಇತಿಹಾಸವನ್ನು ಒಪ್ಪುತ್ತೇನೆ. ಆದರೂ ನನ್ನ ಭಿನ್ನಾಭಿಪ್ರಾಯವನ್ನು ಹೇಳದೆ ಇರಲಾರೆ. ನಾನು ಇಲ್ಲಿ ನರ್ಸ್ ಆಗಿ, ಬಹುಕಾಲ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡಿದವಳು. ಇಂಗ್ಲಿಷ್ ಬಾರದ ಗರ್ಭಿಣಿಯ ಜೊತೆ ಅತ್ತೆಯೋ ಗಂಡನೋ ಬಂದು, ನಾವು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಆಕೆಯ ಬಾಯಿಂದ ಮಾತು ಹೊರಡುವ ಮೊದಲೇ ಉತ್ತರ ಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮನೆಯಲ್ಲಿ ನಿಮಗೆ ಯಾರಾದರೂ ಹೊಡೆಯುತ್ತಾರೆಯೇ ಎಂಬ ಪ್ರಶ್ನೆಯನ್ನು ಹೊಡೆಯುವವನ ಮೂಲಕವೇ ಕೇಳುವುದು ಹೇಗೆ? ಮನೆಯವರನ್ನು ದುಭಾಷಿಗಳಾಗಿ ಬಳಸಬಾರದೆಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ನಡುರಾತ್ರಿಯಲ್ಲಿ ನೋವು ಬಂದಾಗ, ಬಾಂಗ್ಲಾದೇಶದ ಸಿಲ್ಹೇಟ್ ಕಡೆಯ ಸಿಲ್ಹೇಟಿಯೋ ಪಹಾಡಿಯೋ ಬಲ್ಲ ದುಭಾಷಿ ಫೋನಿನಲ್ಲಿ ಸಿಗುವವರೆಗೆ ಹೆರಿಗೆ ಕಾಯುವುದಿಲ್ಲ.

ಆದ್ದರಿಂದ, ಪೂರ್ವಗ್ರಹವನ್ನು ವಿರೋಧಿಸುವ ಭರದಲ್ಲಿ ಇಂಗ್ಲಿಷ್ ಬಾರದಿದ್ದರೂ ತೊಂದರೆಯಿಲ್ಲ ಎಂಬಲ್ಲಿಗೆ ನಾವು ತಲುಪಬಾರದು. ತೊಂದರೆ ಇದೆ, ಅದು ದೊಡ್ಡದು, ಅದನ್ನು ಅನುಭವಿಸುವವಳು ಆ ಹೆಂಗಸೇ. ಗಂಡನ ಮನೆಯವರು ತರಗತಿಗೆ ಕಳುಹಿಸದೆ ಇರುವುದೂ ನಿಜ. ಎಲ್ಲ ಮನೆಗಳಲ್ಲಿ ಅಲ್ಲ, ಆದರೆ ಇಲ್ಲವೆನ್ನುವಷ್ಟು ಅಪರೂಪವೂ ಅಲ್ಲ. ಪಂಜಾಬಿನ ಸಿಖ್ ಮನೆಯಲ್ಲಿಯೂ, ನಮ್ಮ ಕರಾವಳಿಯ ಮನೆಯಲ್ಲಿಯೂ ಇದನ್ನು ಕಂಡಿದ್ದೇನೆ. 1979ರಲ್ಲಿ ಹುಟ್ಟಿದ ಸೌತ್‌ಆಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆಯವರು ಧರ್ಮಭೇದವಿಲ್ಲದೆ ಇಂತಹ ಹೆಂಗಸರ ಪರವಾಗಿ ಹೋರಾಡುತ್ತ ಬಂದಿರುವುದನ್ನು ನೋಡಿದರೆ ಸಮಸ್ಯೆಯ ಹರವು ತಿಳಿಯುತ್ತದೆ.

ನನ್ನ ಆಕ್ಷೇಪವಿರುವುದು ಬೆದರಿಕೆಗೆ. ಇಂಗ್ಲಿಷ್ ಕಲಿಯದಿದ್ದರೆ ದೇಶದಿಂದ ಕಳುಹಿಸಬಹುದು ಎಂದು ಸರ್ಕಾರ ಹೇಳಿದಾಗ, ಆಕೆಯನ್ನು ತರಗತಿಗೆ ಬಿಡದ ಗಂಡನ ಕೈಗೆ ಇನ್ನೊಂದು ಆಯುಧ ಸಿಕ್ಕಂತಾಯಿತು. ನಿನ್ನ ವೀಸಾ ನನ್ನ ಕೈಯಲ್ಲಿದೆ ಎಂದು ಹೆದರಿಸುವವನಿಗೆ ಅದರಿಂದ ಬಲ ಬಂತೇ ಹೊರತು ಆಕೆಗೆ ಬರಲಿಲ್ಲ.

ಉತ್ತರ: ಪುತ್ತೂರಿನ ಬ್ಯಾರಿ ಮಗಳು, ಪೂರ್ವ ಲಂಡನ್

ಕಾರ್ಕಳದ ಅಕ್ಕ ಹೇಳಿದ್ದು ಸರಿಯಾಗಿದೆ. ಈ ಚರ್ಚೆಯಲ್ಲಿ ಮುಸ್ಲಿಂ ಹೆಂಗಸೊಬ್ಬಳ ಮಾತೂ ಇರಲಿ ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದವಳು ನಾನು. ಇಲ್ಲಿ ಅಪರಿಚಿತರು ನನ್ನ ಶಿರವಸ್ತ್ರವನ್ನು ನೋಡಿ ನಿಧಾನವಾಗಿ, ಒಂದೊಂದೇ ಪದವನ್ನು ಬಿಡಿಸಿ ಮಾತು ಆರಂಭಿಸುತ್ತಾರೆ. ನಾನು ಉತ್ತರಿಸಿದ ಮೇಲೆ ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದು ಮೆಚ್ಚುತ್ತಾರೆ. ಜೊತೆಗಿದ್ದ ನನ್ನ ಹಾಸನದ ಗೆಳತಿಯ ಇಂಗ್ಲಿಷನ್ನು ಯಾರೂ ಮೆಚ್ಚಿದ್ದಿಲ್ಲ, ಏಕೆಂದರೆ ಆಕೆಗೆ ಬರುತ್ತದೆಂದೇ ಅವರು ಭಾವಿಸಿರುತ್ತಾರೆ. ಆ ಮೆಚ್ಚುಗೆ ಕೆಟ್ಟ ಮನಸ್ಸಿನದಲ್ಲವೆಂದು ನನಗೆ ಗೊತ್ತು. ಆದರೆ ಅದರ ಅರ್ಥ, ನೀವು ಅವರಂತಲ್ಲ ಎಂದು. ಆ ಅವರು ಎಂದರೆ ನನ್ನ ತಾಯಿ, ನನ್ನ ನೆರೆಮನೆಯ ಸಿಲ್ಹೇಟಿನ ಅಜ್ಜಿ.

2016ರಲ್ಲಿ, ಮುಸ್ಲಿಂ ಹೆಂಗಸರು ಸಾಂಪ್ರದಾಯಿಕವಾಗಿ ವಿಧೇಯರು ಎಂಬ ಅರ್ಥದ ಮಾತು ಪ್ರಧಾನಿಯದೆಂದು ಪತ್ರಿಕೆಗಳಲ್ಲಿ ಬಂದಾಗ, ಇಲ್ಲಿನ ನೂರಾರು ಹೆಂಗಸರು ಟ್ವಿಟರ್‌ನಲ್ಲಿ ತಮ್ಮ ಪದವಿ, ಉದ್ಯೋಗ, ತಮಗೆ ಬರುವ ಭಾಷೆಗಳ ಪಟ್ಟಿ ಹಿಡಿದು ನಿಂತ ಚಿತ್ರಗಳನ್ನು ಹಾಕಿದರು. ಅವರ ಕೋಪವನ್ನು ನಾನು ಹಂಚಿಕೊಳ್ಳುತ್ತೇನೆ. ಆದರೂ ಅಂದಿನಿಂದ ಒಂದು ಪ್ರಶ್ನೆ ನನ್ನಲ್ಲಿ ಉಳಿದಿದೆ: ನಾವು ವೈದ್ಯರು, ವಕೀಲರು, ನಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ತೋರಿಸಿ ಗೌರವ ಕೇಳಿದಾಗ, ಪದವಿಯೂ ಇಂಗ್ಲಿಷೂ ಇಲ್ಲದೆ ಐದು ಮಕ್ಕಳನ್ನು ಓದಿಸಿದ ಹೆಂಗಸು ಯಾವ ಹಾಳೆ ಹಿಡಿದು ನಿಲ್ಲಬೇಕು? ಅದಕ್ಕಿಂತ ಸಯೀದಾ ವಾರ್ಸಿ ಅವರ ಪ್ರತಿಕ್ರಿಯೆ ನನಗೆ ಹೆಚ್ಚು ಹಿಡಿಸಿತು. 2010ರಲ್ಲಿ ಬ್ರಿಟನ್ ಸಚಿವ ಸಂಪುಟ ಸೇರಿದ ಮೊದಲ ಮುಸ್ಲಿಂ ಮಹಿಳೆಯಾದ ಅವರು, ಇಂಗ್ಲಿಷ್ ಸರಿಯಾಗಿ ಬಾರದ ತಮ್ಮ ತಾಯಿಯ ಮಾತೆತ್ತಿ, ಕಲಿಯುವ ಅವಕಾಶ ಎಲ್ಲ ಹೆಂಗಸರಿಗೂ ಇರಲಿ, ಅದನ್ನು ತೀವ್ರವಾದಕ್ಕೆ ಏಕೆ ಜೋಡಿಸುತ್ತೀರಿ ಎಂದು ತಮ್ಮದೇ ಪಕ್ಷದ ಪ್ರಧಾನಿಯನ್ನು ಕೇಳಿದರು.

ಇಂಗ್ಲಿಷ್ ಕಲಿಯುವ ಆಸೆಯನ್ನು ಮುಸ್ಲಿಂ ಹೆಣ್ಣುಮಕ್ಕಳಿಗೆ ಪಶ್ಚಿಮದವರು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣನಿಂದ ಇಂಗ್ಲಿಷ್ ಕಲಿತವರು. 1905ರಲ್ಲಿಯೇ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಇಂಗ್ಲಿಷ್ ಕತೆ ಪ್ರಕಟಿಸಿದವರು. 1911ರಲ್ಲಿ ಕಲ್ಕತ್ತದಲ್ಲಿ ಮುಸ್ಲಿಂ ಹುಡುಗಿಯರಿಗಾಗಿ ಶಾಲೆ ನಡೆಸಿದವರು. ಅವರನ್ನು ತಡೆದವರಲ್ಲಿ ನಮ್ಮ ಸಮುದಾಯದ ಗಂಡಸರೂ ಇದ್ದರು, ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಇಂದು ಬ್ಯಾರಿ ಹುಡುಗಿಯರು ಕಾಲೇಜುಗಳಲ್ಲಿ ತುಂಬಿರುವುದು ಅಂತಹ ಮನೆಮನೆಯ ಜಗಳಗಳನ್ನು ತಾಯಂದಿರು ಗೆದ್ದುದರಿಂದ. ಹಾಗೆ ಗೆದ್ದ ತಾಯಂದಿರಲ್ಲಿ ಬಹಳ ಮಂದಿಗೆ ಇಂಗ್ಲಿಷ್ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ತುಂಗಾತೀರ, ಲೆಸ್ಟರ್

ಎಲ್ಲರಿಗೂ ಕೃತಜ್ಞತೆಗಳು. ಕಾರ್ಕಳದ ಮೇಡಂ ಅವರ ಎಚ್ಚರಿಕೆ ನನಗೆ ಮುಖ್ಯವೆನಿಸಿತು. ಮೇಷ್ಟ್ರೇ, ನಮ್ಮ ಬೀದಿಯಲ್ಲಿ ಪಾಕಿಸ್ತಾನದಿಂದ ಮದುವೆಯಾಗಿ ಬಂದ ಯುವತಿಯೊಬ್ಬರು ಕಲಿಯಲು ಬಯಸುತ್ತಿದ್ದಾರೆ, ಕಂಕುಳಲ್ಲಿ ಕೂಸಿದೆ. ನನ್ನ ಹೆಂಡತಿ ಸಹಾಯ ಮಾಡಲು ಸಿದ್ಧಳಿದ್ದಾಳೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಹಳೆಯ ಮೇಷ್ಟ್ರು, ಬ್ರಾಡ್‌ಫರ್ಡ್

ಕೌನ್ಸಿಲ್‌ನ ವಯಸ್ಕರ ಶಿಕ್ಷಣ ವಿಭಾಗದಲ್ಲಿ ಮೊದಲು ಹೆಸರು ಬರೆಸಿ. ಬಂದ ಮೊದಲ ವರ್ಷಗಳಲ್ಲಿ ಸರ್ಕಾರಿ ಹಣದ ತರಗತಿಗೆ ಅರ್ಹತೆ ಸಿಗದೆ ಹೋಗುವುದುಂಟು, ಆದ್ದರಿಂದ ವೀಸಾದ ವಿವರ ತೋರಿಸಿ ಸ್ಪಷ್ಟವಾಗಿ ಕೇಳಬೇಕು. ಅಲ್ಲಿ ಆಗದಿದ್ದರೆ ಗ್ರಂಥಾಲಯ, ಪ್ರಾಥಮಿಕ ಶಾಲೆ, ಮಸೀದಿ, ಚರ್ಚು, ಗುರುದ್ವಾರಗಳಲ್ಲಿ ಸ್ವಯಂಸೇವಕರು ನಡೆಸುವ ಸಂಭಾಷಣೆಯ ಗುಂಪುಗಳನ್ನು ವಿಚಾರಿಸಿ. ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಆಕೆಗೆ ಬಹಳ ದಿನ ಬರಲಾಗುವುದಿಲ್ಲ. ತಮ್ಮ ಮನೆಯವರು ವಾರಕ್ಕೊಮ್ಮೆ ಆಕೆಯ ಜೊತೆ ಅಂಗಡಿಗೂ ಜಿಪಿ ಕ್ಲಿನಿಕ್ಕಿಗೂ ಹೋಗಿ, ಅಲ್ಲಿ ಆಕೆಯೇ ಮಾತನಾಡುವಂತೆ ಬಿಟ್ಟು ಪಕ್ಕದಲ್ಲಿ ನಿಂತರೆ ನನ್ನ ಪಾಠಗಳಿಗಿಂತ ಅದರಿಂದ ಹೆಚ್ಚು ಉಪಯೋಗವಾಗುತ್ತದೆ. ಎ2 ಪರೀಕ್ಷೆಯ ದಿನಾಂಕ ಹತ್ತಿರ ಬಂದಾಗ ಇಲ್ಲಿ ಬರೆಯಿರಿ, ಅಭ್ಯಾಸದ ಪ್ರಶ್ನೆಗಳನ್ನು ಕಳುಹಿಸುತ್ತೇನೆ.